ಹೊಳೆ ದಾಟದ ಅಂಚೆಚೀಟಿ

ರಾಯಚೂರಿನಲ್ಲಿ ಏಳನೇ ಇಯತ್ತೆ ಓದುತ್ತಿದ್ದಾಗ ನಾನು ಮಾಡಿದ ಒಂದು ವ್ಯಾಪಾರದ ಬಗ್ಗೆ ಈಗಲೂ ನನಗೆ ನಾಚಿಕೆಯಿದೆ. ನಮ್ಮ ಓಣಿಯ ಹಿರಿಯ ಹುಡುಗನೊಬ್ಬನ ಬಳಿ ಸಾನ್ ಮರಿನೊ ಎಂಬ ದೇಶದ ಅಂಚೆಚೀಟಿಯಿತ್ತು. 1965ರಲ್ಲಿ ಆ ದೇಶ ಹೊರಡಿಸಿದ ಡೈನೋಸಾರ್ ಸರಣಿಯದು. ಅಂಥ ಪ್ರಾಣಿಯ ಹೆಸರನ್ನೂ ಕೇಳಿರದ ನನಗೆ ಅದನ್ನು ಕಂಡ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅಟ್ಟ ಹತ್ತಿ ಅಜ್ಜನ ಟ್ರಂಕು ತೆಗೆದೆ. ಒಳಗೆ ಹಳದಿಗಟ್ಟಿದ ಹನ್ನೊಂದು ಲಕೋಟೆಗಳಿದ್ದವು. ಎಲ್ಲವನ್ನೂ ಬೋಗುಣಿಯ ನೀರಿನಲ್ಲಿ ನೆನೆಸಿ, ಚೀಟಿಗಳನ್ನು ಬಿಡಿಸಿ, ಒಣಗಿಸಿದೆ. ಲಕೋಟೆಗಳು ನೀರೊಲೆಗೆ ಹೋದವು. ಹನ್ನೊಂದು ಚೀಟಿ ಕೊಟ್ಟು ಒಂದು ಡೈನೋಸಾರ್ ತಂದೆ. ಗೆದ್ದವನು ನಾನೇ ಎಂದುಕೊಂಡಿದ್ದೆ.

ನಾನು ಕೊಟ್ಟದ್ದು ಏನೆಂದು ತಿಳಿಯಲು ಬಹಳ ವರ್ಷ ಬೇಕಾಯಿತು. ತಿಳಿದ ಮೇಲೆ, ಮೊನ್ನೆ ಚಳಿಗಾಲದಲ್ಲಿ, ಅಂಥ ಲಕೋಟೆ ಎಲ್ಲಾದರೂ ಉಳಿದಿದೆಯೇ ನೋಡೋಣವೆಂದು ರಾಯಚೂರಿನಿಂದ ಮಾನ್ವಿಗೆ, ಅಲ್ಲಿಂದ ದೇವದುರ್ಗಕ್ಕೆ ಹೊರಟೆ. ಈ ಬರಹ ಆ ಎರಡು ದಿನಗಳ ಕಥೆ.

ಮೊದಲು ಆ ಡೈನೋಸಾರಿನ ದೇಶದ ವಿಷಯ ಹೇಳಿಬಿಡುತ್ತೇನೆ. ಸಾನ್ ಮರಿನೊ ಸುತ್ತಲೂ ಇಟಲಿಯಿಂದ ಆವೃತವಾದ ಪುಟ್ಟ ಗಣರಾಜ್ಯ. ವಿಸ್ತಾರ ಸುಮಾರು 61 ಚದರ ಕಿಲೋಮೀಟರ್. ನಮ್ಮ ದೇವದುರ್ಗ ತಾಲ್ಲೂಕಿನ ಒಂದು ಮೂಲೆಯಲ್ಲಿ ಹಿಡಿಸಬಹುದು. ಇಷ್ಟು ಚಿಕ್ಕ ದೇಶ 1877ರಲ್ಲಿ ತನ್ನದೇ ಅಂಚೆಚೀಟಿ ಹೊರಡಿಸಿತು. ಅತಿ ಕಡಿಮೆ ಬೆಲೆಯ ಚೀಟಿಯಲ್ಲಿ ಬರೀ ಅಂಕಿ. ಉಳಿದವುಗಳಲ್ಲಿ ಮೂರು ಶಿಖರ, ಮೂರು ಗೋಪುರಗಳ ರಾಜ್ಯಲಾಂಛನ. ಜಗತ್ತಿನ ಸಂಗ್ರಾಹಕರು ತನ್ನ ಚೀಟಿಗಳನ್ನು ಕೊಳ್ಳುತ್ತಾರೆಂಬುದನ್ನು ಆ ದೇಶ ಬೇಗ ಕಂಡುಕೊಂಡಿತು. 1894ರಲ್ಲಿ ಹೊಸ ಸರ್ಕಾರಿ ಭವನದ ಉದ್ಘಾಟನೆಯ ನೆನಪಿಗೆ ಚಂದದ ಚೀಟಿಗಳನ್ನು ತಂದಿತು. ಇಂದಿಗೂ ಅದರ ಚೀಟಿಗಳು ಜಗತ್ತಿನ ಆಲ್ಬಮ್ಮುಗಳನ್ನು ಸೇರುತ್ತಲೇ ಇವೆ.

ಹಾಗಾದರೆ ನಾನು ಕೊಟ್ಟ ಆ ಹನ್ನೊಂದು? ಅವು ಹೈದರಾಬಾದ್ ಸಂಸ್ಥಾನದ ಚೀಟಿಗಳು. ರಾಯಚೂರು, ಮಾನ್ವಿ, ದೇವದುರ್ಗಗಳೆಲ್ಲ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತದಲ್ಲಿದ್ದವೆಂಬುದು ಈ ಭಾಗದವರಿಗೆ ಹೊಸ ಸಂಗತಿಯಲ್ಲ. ಆದರೆ ನಿಜಾಮ ಸಂಸ್ಥಾನ ತನ್ನ ಮೊದಲ ಅಂಚೆಚೀಟಿಯನ್ನು 1869ರ ಸೆಪ್ಟೆಂಬರ್‌ನಲ್ಲಿ, ಅಂದರೆ ಸಾನ್ ಮರಿನೊಗಿಂತ ಎಂಟು ವರ್ಷ ಮೊದಲೇ ಹೊರಡಿಸಿತ್ತೆಂದು ಎಷ್ಟು ಮಂದಿಗೆ ಗೊತ್ತು? ಪರದೇಶದ ಹಳೆಯ ಚೀಟಿ ಎಂದು ನಾನು ಆಸೆಪಟ್ಟದ್ದಕ್ಕಿಂತ ಹಳೆಯ ಪರಂಪರೆಯ ಚೀಟಿಗಳು ನಮ್ಮ ಅಟ್ಟದಲ್ಲೇ ಇದ್ದವು!

ರಾಯಚೂರಿನ ರದ್ದಿ ಅಂಗಡಿ

ರಾಯಚೂರು ಕಲ್ಲುಗಳನ್ನು ಜೋಪಾನ ಮಾಡಿದ ಊರು. ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಬಂಡೆಯೊಂದಿದೆ. ಅದರ ಮೇಲೆ 1294ರ ಶಾಸನವಿದೆ. ಅಂಥ ಬಂಡೆಯನ್ನು ಬಂಡಿಯ ಮೇಲೆ ಎಳೆದು ತಂದ ದೃಶ್ಯವನ್ನೂ ಕೆತ್ತಿದ್ದಾರೆ. ಕಲ್ಲು ಉಳಿಯಿತು. ಕಾಗದ?

ಮೊದಲು ಹೋದದ್ದು ಪೇಟೆಯ ಒಂದು ರದ್ದಿ ಅಂಗಡಿಗೆ. ಹಳೆಯ ಪತ್ರಗಳಿವೆಯೇ ಎಂದು ಕೇಳಿದೆ. ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು: "ಹಳೇ ಕಾಗದ ಬರ್ತಾವ್ರೀ. ಆದ್ರ ನಮ್ಮಲ್ಲಿಗೆ ಬರೋ ಹೊತ್ತಿಗೆ ಯಾರೋ ಚೀಟಿ ಕಿತ್ತಕೊಂಡಿರ್ತಾರ." ನನಗೆ ಯಾರೋ ಬೆನ್ನಿಗೆ ಚುಚ್ಚಿದಂತಾಯಿತು. ಆ ಯಾರೋ ನನ್ನಂಥವರೇ ಅಲ್ಲವೇ?

ಅಂಚೆಯ ಇತಿಹಾಸದಲ್ಲಿ ರಾಯಚೂರಿಗೆ ವಿಶೇಷ ಸ್ಥಾನವಿದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನಾಡನ್ನು 1853ರಲ್ಲಿ ಬ್ರಿಟಿಷರು ನಿಜಾಮರಿಂದ ಪಡೆದುಕೊಂಡರು. ಅಖಿಲ ಭಾರತಕ್ಕೆ ಅನ್ವಯಿಸುವ ವಿಕ್ಟೋರಿಯಾ ರಾಣಿಯ ಮುಖದ ಚೀಟಿಗಳು 1854ರಲ್ಲಿ ಬಂದಾಗ ರಾಯಚೂರು ಬ್ರಿಟಿಷರ ಕೈಯಲ್ಲಿತ್ತು. 1860ರಲ್ಲಿ ಅದು ಮತ್ತೆ ನಿಜಾಮರಿಗೆ ಬಂತು. ಹಾಗೆ ಬಾರದಿದ್ದರೆ ನಮ್ಮ ಅಜ್ಜನ ಟ್ರಂಕಿನಲ್ಲಿ ನಿಜಾಮರ ಚೀಟಿಯೇ ಇರುತ್ತಿರಲಿಲ್ಲ. ಮುಂದೆ 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುಹಾದಿ ಮತ್ತು ಮದ್ರಾಸಿನ ಕಡೆಯಿಂದ ಬಂದ ರೈಲುಹಾದಿ ಕೂಡಿದ್ದು ರಾಯಚೂರಿನಲ್ಲೇ. ಎರಡು ಮಹಾನಗರಗಳ ನಡುವಿನ ಟಪಾಲು ಈ ಊರಿನ ಮೇಲೆ ಓಡಾಡತೊಡಗಿತು.

ಓದುಗ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಒಂದೇ ನಾಡಿನಲ್ಲಿ ಎರಡು ಬಗೆಯ ಚೀಟಿಗಳೇ? ಹೌದು. ಹೈದರಾಬಾದ್ ಚೀಟಿ ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿತ್ತು. ಬಳ್ಳಾರಿಗೋ ಧಾರವಾಡಕ್ಕೋ ಪತ್ರ ಬರೆಯಬೇಕಾದರೆ ಬ್ರಿಟಿಷ್ ಭಾರತದ ಚೀಟಿ ಬೇಕು. ಸಂಸ್ಥಾನದೊಳಗೂ ರೈಲು ನಿಲ್ದಾಣ, ದಂಡಿನ ಪ್ರದೇಶಗಳಂಥ ಕಡೆ ಬ್ರಿಟಿಷ್ ಅಂಚೆ ಕಚೇರಿಗಳಿದ್ದವು. ನಾಣ್ಯವೂ ಬೇರೆ. ನಿಜಾಮರ ಹಾಲಿ ರೂಪಾಯಿ ಏಳು ಕೊಟ್ಟರೆ ಬ್ರಿಟಿಷರ ಕಲ್ದಾರ್ ರೂಪಾಯಿ ಸರಿಸುಮಾರು ಆರು. ಮೈಸೂರು ಸಂಸ್ಥಾನದಲ್ಲಿ ಹೀಗಿರಲಿಲ್ಲ. ಅಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಸ್ವಂತ ಅಂಚೆಯಿದ್ದರೂ ಸ್ವಂತ ಅಂಚೆಚೀಟಿ ಬರಲಿಲ್ಲ. 1889ರಲ್ಲಿ ಆ ಅಂಚೆ ಬ್ರಿಟಿಷರ ಅಂಚೆಯಲ್ಲಿ ಲೀನವಾಯಿತು. ಆದ್ದರಿಂದ ಸಂಸ್ಥಾನದ ಚೀಟಿ ಅಂಟಿಸಿದ ಅನುಭವ ಬೀದರ್, ಕಲಬುರಗಿ, ರಾಯಚೂರು ಸೀಮೆಯ ಕನ್ನಡಿಗರ ಪಾಲಿಗೆ ಬಂದ ವಿಶೇಷ.

ಮಾನ್ವಿಯ ಎರಡು ಬಗೆಯ ಕಾಗದ

ಮಾನ್ವಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹತ್ತಿಯ ಹೊಲ, ಭತ್ತದ ಗದ್ದೆ. ಮಾನ್ವಿ ಎಂದರೆ ದಾಸಸಾಹಿತ್ಯದ ನಾಡು. ವಿಜಯದಾಸರ ಚೀಕಲಪರ್ವಿ, 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರ ಬ್ಯಾಗವಾಟ ಇರುವುದು ಈ ಸೀಮೆಯಲ್ಲೇ. ದಕ್ಷಿಣಕ್ಕೆ ತುಂಗಭದ್ರೆ. ಹೊಳೆಯ ಆಚೆ ದಂಡೆಯ ಮಂತ್ರಾಲಯ, ಅದರಾಚೆಯ ಆದೋನಿ ಆಗ ಮದ್ರಾಸ್ ಪ್ರಾಂತ್ಯದವು.

ಪರಿಚಯದವರೊಬ್ಬರು ಹಳೆಯ ಮನೆಯೊಂದಕ್ಕೆ ಕರೆದೊಯ್ದರು. ಎಂಬತ್ತು ದಾಟಿದ ಅಜ್ಜಿ ಪಡಸಾಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು. ಬಂದ ಕಾರಣ ಕೇಳಿ ನಕ್ಕರು. "ಕಾಗದ ನೋಡಾಕ ರಾಯಚೂರಿಂದ ಬಂದೀರೇನ? ಓದಾಕೋ, ಮಾರಾಕೋ?" ನೋಡುವುದಕ್ಕೆ ಮಾತ್ರ ಎಂದೆ. ಮೊಮ್ಮಗಳು ಕಪಾಟಿನಿಂದ ಬಿಸ್ಕತ್ತಿನ ಡಬ್ಬ ತಂದಿಟ್ಟಳು. ಒಳಗೆ ಲಕೋಟೆಗಳು, ಕಾರ್ಡುಗಳು, ಒಂದು ಜಾತಕ, ಕಂದಾಯದ ರಸೀದಿ.

ಲಕೋಟೆಗಳಲ್ಲಿ ಎರಡು ಬಗೆ. ಕೆಲವಕ್ಕೆ ಆರನೇ ಜಾರ್ಜ್ ದೊರೆಯ ತಲೆ. ಕೆಲವಕ್ಕೆ ನಿಜಾಮರ ಚೀಟಿ. ಅಜ್ಜಿ ವಿವರಿಸಿದರು: "ನಮ್ಮತ್ತಿ ತವರುಮನಿ ಆದೋನಿ. ಅಲ್ಲಿಂದ ಬಂದವು ರಾಜನ ತಲಿ ಇದ್ದವು. ನಮ್ಮ ಮಾವ ಹೈದರಾಬಾದಿಗೆ ಹೋಗಿದ್ರಲ್ಲ, ಅಲ್ಲಿಂದ ಬಂದವು ಇವು." ನಕಾಶೆ ತೆಗೆದು ನೋಡಿದರೆ ಮಾನ್ವಿಗೆ ಆದೋನಿ ಹತ್ತಿರ, ಹೈದರಾಬಾದ್ ದೂರ. ಆದರೂ ಹೈದರಾಬಾದ್ ಒಳಗಿನ ಊರು. ಸೊಸೆಯ ತವರು ಹೊರಗಿನದು. ಹೆಣ್ಣು ಕೊಟ್ಟು ತರುವವರು ಹೊಳೆ ದಾಟುತ್ತಿದ್ದರು, ಭಾಷೆ ದಾಟುತ್ತಿತ್ತು, ರಾಯರ ಆರಾಧನೆಗೆ ಭಕ್ತರು ದಾಟುತ್ತಿದ್ದರು. ಈ ಒಂದು ಅಂಗುಲದ ಚೀಟಿ ಮಾತ್ರ ದಾಟುತ್ತಿರಲಿಲ್ಲ.

ಪಾಠಪುಸ್ತಕದಲ್ಲಿ ಸಂಸ್ಥಾನ, ಪ್ರಾಂತ್ಯ, ಗಡಿ ಎಂದು ನಾವು ಓದುವ ಶಬ್ದಗಳಿವೆಯಲ್ಲ, ಅವು ಒಂದು ಮನೆಯ ಹೆಣ್ಣುಮಗಳಿಗೆ ಏನಾಗಿದ್ದವೆಂದು ಆ ಬಿಸ್ಕತ್ತಿನ ಡಬ್ಬ ಹೇಳುತ್ತಿತ್ತು. ಚೀಟಿಗಳನ್ನು ಬಿಡಿಸಿ ಆಲ್ಬಮ್ಮಿಗೆ ಹಾಕಿದ್ದರೆ ಒಂದು ಪುಟದಲ್ಲಿ ಜಾರ್ಜ್, ಇನ್ನೊಂದರಲ್ಲಿ ಹೈದರಾಬಾದ್. ಅತ್ತೆಯ ತವರಿನ ಸಂಗತಿ ಯಾವ ಪುಟದಲ್ಲೂ ಇರುತ್ತಿರಲಿಲ್ಲ.

ಚೀಟಿಯನ್ನು ಓದುವುದು ಹೇಗೆ?

ಮಾನ್ವಿಯಿಂದ ಉತ್ತರಕ್ಕೆ ಸಿರವಾರದ ಮೇಲೆ ದೇವದುರ್ಗಕ್ಕೆ ದಾರಿ. ಬಸ್ಸಿನಲ್ಲಿ ಕುಳಿತಿರುವಾಗ ಹೈದರಾಬಾದ್ ಚೀಟಿಗಳ ಬಗ್ಗೆ ಮಕ್ಕಳಿಗೆ ಉಪಯೋಗವಾಗುವ ಕೆಲವು ಸಂಗತಿ ಹೇಳುತ್ತೇನೆ.

ಮೊದಲ ಚೀಟಿ ಒಂದು ಆಣೆಯದು, ಬಣ್ಣ ಕಂದುಹಸಿರು. ಸಾಲಾರ್ ಜಂಗ್ ದಿವಾನರಾಗಿದ್ದ ಕಾಲ. ಮರುವರ್ಷ ಅರ್ಧ ಆಣೆ ಮತ್ತು ಎರಡು ಆಣೆಯ ಚೀಟಿಗಳು ಬಂದವು. 1871ರಿಂದ ಲಂಡನ್ನಿನ ಬ್ರಾಡ್‌ಬರಿ ವಿಲ್ಕಿನ್ಸನ್ ಕಂಪನಿಯ ಹೊಸ ಸರಣಿ ಶುರುವಾಯಿತು. ಅದು ಹಲವು ದಶಕ ನಡೆಯಿತು. ಈ ಆರಂಭದ ಚೀಟಿಗಳಲ್ಲಿ ದೊರೆಯ ಮುಖವಿಲ್ಲ; ನಡುವೆ ಇರುವುದು ಬಳ್ಳಿಯಂತೆ ಹೆಣೆದ ಅಕ್ಷರ. ಬೆಲೆಯನ್ನು ಒಂದಕ್ಕಿಂತ ಹೆಚ್ಚು ಲಿಪಿಗಳಲ್ಲಿ ಬರೆದಿದ್ದಾರೆ. ಭೂತಗನ್ನಡಿ ಹಿಡಿದು ಎಷ್ಟು ಲಿಪಿಗಳಿವೆ ಎಂದು ಎಣಿಸಿ. ಹಲವು ಭಾಷೆಯ ಪ್ರಜೆಗಳಿದ್ದ ನಾಡು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೆಲವು ಚೀಟಿಗಳ ಮೇಲೆ ಉರ್ದು ಲಿಪಿಯಲ್ಲಿ ಅಡ್ಡಲಾಗಿ ಒಂದು ಶಬ್ದ ಒತ್ತಿರುತ್ತಾರೆ. ಅದು 'ಸರ್ಕಾರಿ'. ಕಚೇರಿಯ ಪತ್ರಗಳಿಗೆಂದೇ ಮೀಸಲಾದ ಚೀಟಿಗಳವು. 1873ರಿಂದ ಬಳಕೆಗೆ ಬಂದವು. ಇನ್ನು ಅಂಚಿನ ತೂತುಗಳು. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತುಗಳಿವೆ ಎಂಬ ಲೆಕ್ಕದಿಂದ ಒಂದೇ ರೀತಿ ಕಾಣುವ ಎರಡು ಚೀಟಿಗಳನ್ನು ಬೇರೆಬೇರೆ ಮುದ್ರಣಗಳೆಂದು ಗುರುತಿಸಬಹುದು.

1931ರಲ್ಲಿ ಚಿತ್ರಗಳ ಸರಣಿ ಬಂತು. ಒಂದು ಆಣೆಗೆ ಚಾರ್‌ಮಿನಾರ್, ಎರಡಕ್ಕೆ ಹೈಕೋರ್ಟು, ನಾಲ್ಕಕ್ಕೆ ಉಸ್ಮಾನ್ ಸಾಗರ, ಎಂಟಕ್ಕೆ ಅಜಂತಾ ಗುಹೆಯ ಬಾಗಿಲು, ಒಂದು ರೂಪಾಯಿಗೆ ದೌಲತಾಬಾದಿನ ಚಾಂದ್ ಮಿನಾರ್. ಹನ್ನೆರಡು ಆಣೆಯ ಕೆಂಪು ಚೀಟಿಯ ಮೇಲೆ ಏನಿತ್ತು ಗೊತ್ತೇ? ನಮ್ಮ ಬೀದರಿನಲ್ಲಿರುವ ಮಹಮೂದ್ ಗವಾನನ ಮದರಸಾ! ಕರ್ನಾಟಕ ಏಕೀಕರಣವಾಗುವ 25 ವರ್ಷ ಮೊದಲೇ ಕನ್ನಡ ನಾಡಿನ ಕಟ್ಟಡವೊಂದು ಹೀಗೆ ಅಂಚೆಚೀಟಿಯ ಮೇಲೆ ಬಂದಿತ್ತು. ರಾಯಚೂರಿನ ಏಕ್ ಮಿನಾರ್ ಮಸೀದಿಯ ದುಂಡು ಗೋಪುರ ನೋಡಿದವರಿಗೆ ಚಾಂದ್ ಮಿನಾರಿನ ಚೀಟಿ ಪರಕೀಯ ಎನಿಸುವುದಿಲ್ಲ. ಎರಡೂ ಒಂದೇ ಮನೆತನದ ಅಣ್ಣತಮ್ಮಂದಿರಂತಿವೆ.

ದೇವದುರ್ಗದ ಒಂದು ಲಕೋಟೆ

ದೇವದುರ್ಗ ತಲುಪಿದಾಗ ಮಧ್ಯಾಹ್ನವಾಗಿತ್ತು. ಗುಡ್ಡದ ಮಗ್ಗುಲಿನ ಊರು. ಉತ್ತರಕ್ಕೆ ಹೋದರೆ ಕೃಷ್ಣಾ. ನಿಜಾಮರ ಕಾಲದಲ್ಲಿ ಇಲ್ಲಿಗೆ ರೈಲಿರಲಿಲ್ಲ. ಹೈದರಾಬಾದಿನಲ್ಲಿ ಡಬ್ಬಿಗೆ ಹಾಕಿದ ಪತ್ರ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿ ದಕ್ಷಿಣಕ್ಕೆ ತಿರುಗಿ, ಕೃಷ್ಣಾ ಸೇತುವೆ ದಾಟಿ ರಾಯಚೂರಿನಲ್ಲಿ ಇಳಿಯಬೇಕು. ಅಲ್ಲಿಂದ ಚೀಲ ರಸ್ತೆ ಹಿಡಿಯಬೇಕು.

ನಿವೃತ್ತ ಶಿಕ್ಷಕರೊಬ್ಬರ ಮನೆಗೆ ಹೋದೆ. ಅವರ ತಂದೆ ಹೈದರಾಬಾದಿನಲ್ಲಿ ಓದಿದವರಂತೆ. "ಒಂದs ಕಾಗದ ಉಳದದ ನೋಡ್ರಿ" ಎನ್ನುತ್ತಾ ದೇವರ ಮನೆಯಿಂದ ಹಳೆಯ ಪಂಚಾಂಗ ತಂದರು. ಅದರೊಳಗೆ ಒಂದು ಲಕೋಟೆ. ಚೀಟಿ ನೋಡಿದ ತಕ್ಷಣ ಗುರುತು ಸಿಕ್ಕಿತು. ಏಳನೇ ನಿಜಾಮ ಉಸ್ಮಾನ್ ಅಲಿ ಖಾನರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1937ರಲ್ಲಿ ಬಂದ ಒಂದು ಆಣೆಯ ಚೀಟಿ. ಅದರ ಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಚಿತ್ರ.

ವಿಳಾಸವನ್ನು ಎರಡು ಲಿಪಿಗಳಲ್ಲಿ ಬರೆದಿದ್ದರು. ಮೇಲೆ ಉರ್ದು, ಅಂಚೆಯವರಿಗಾಗಿ. ಕೆಳಗೆ ಕನ್ನಡ, ಅಪ್ಪನಿಗಾಗಿ. ಒಳಗಿನ ಕಾಗದ ಪೂರ್ತಿ ಕನ್ನಡ. ಮಗ ಬರೆದದ್ದು ಹೆಚ್ಚೇನಿಲ್ಲ. ಚಳಿ ಶುರುವಾಗಿದೆ, ರಗ್ಗು ಬೇಕು. ಪುಸ್ತಕಕ್ಕೆ ಐದು ರೂಪಾಯಿ ಹಾಲಿ ಸಿಕ್ಕಾ ಕಳಿಸಬೇಕು. ತಂಗಿಯ ಓದು ಬಿಡಿಸಬಾರದು. ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದ. ಮೂಲೆಯಲ್ಲಿ 1347 ಎಂಬ ಅಂಕಿ.

ಶಿಕ್ಷಕರ ಮೊಮ್ಮಗ ಎಂಟನೇ ತರಗತಿಯವನು. "ಸಾವಿರದ ಮುನ್ನೂರಾ ನಲವತ್ತೇಳು? ವಿಜಯನಗರದ ಕಾಲದ್ದಾ?" ಎಂದು ಕಣ್ಣರಳಿಸಿದ. ಅದು ಫಸಲಿ ವರ್ಷ. ಹೈದರಾಬಾದ್ ಸರ್ಕಾರ ಬಳಸುತ್ತಿದ್ದ ಲೆಕ್ಕ, ಅಕ್ಟೋಬರ್‌ನಲ್ಲಿ ಶುರುವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ. ಹುಡುಗ ಬಾಯಲ್ಲೇ ಕೂಡಿಸಿ "1937!" ಎಂದ. ಚೀಟಿ ಬಂದ ವರ್ಷ ಮತ್ತು ಕಾಗದದ ವರ್ಷ ತಾಳೆಯಾದದ್ದು ಕಂಡು ಅವನಿಗೆ ಪತ್ತೇದಾರನ ಸಂತೋಷ.

ಆಮೇಲೆ ಅವನು ಕೇಳಿದ್ದು ನಾನು ಅಂಜಿದ್ದ ಪ್ರಶ್ನೆಯನ್ನೇ. "ಅಜ್ಜಾ, ಈ ಚೀಟಿ ನನ್ನ ಆಲ್ಬಮ್ಮಿಗೆ ಹಚ್ಚಿಕೊಳ್ಳಲೇನು? ನೀರಾಗ ನೆನಸಿದ್ರ ಬಿಡ್ತದ." ಅಜ್ಜ ನನ್ನ ಮುಖ ನೋಡಿದರು. ನಾನು ಬೋಗುಣಿಯ ಕಥೆ, ಹನ್ನೊಂದು ಲಕೋಟೆಗಳ ಕಥೆ, ಡೈನೋಸಾರಿನ ಕಥೆ ಎಲ್ಲ ಹೇಳಿದೆ. ಆ ಲಕೋಟೆಗಳನ್ನು ಯಾರು ಬರೆದಿದ್ದರು, ಯಾವ ಊರಿನಿಂದ ಬಂದಿದ್ದವು ಎಂದು ಹುಡುಗ ಕೇಳಿದ. ನನಗೆ ಗೊತ್ತಿಲ್ಲ ಎಂದೆ. "ಮನ್ಯಾಗ ಯಾರಿಗೂ ಗೊತ್ತಿಲ್ಲೇನು?" ಗೊತ್ತಿದ್ದವರು ಹೋಗಿಬಿಟ್ಟರು, ಅವರು ಬಿಟ್ಟುಹೋದದ್ದನ್ನು ನಾನು ಸುಟ್ಟೆ.

ಹುಡುಗ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಪಂಚಾಂಗದೊಳಗೆ ಇಟ್ಟ. ಹೊರಡುವಾಗ ಶಿಕ್ಷಕರನ್ನು ಕೇಳಿದೆ, ಆ ತಂಗಿಯ ಓದು ಏನಾಯಿತು ಎಂದು. "ಬಿಡಿಸಲಿಲ್ರೀ. ನಮ್ಮ ಸೋದರತ್ತಿ. ಕಡೀತನಕ ಪೇಪರ್ ಓದ್ತಿದ್ರು" ಎಂದರು.

ತಂದೆತಾಯಿಗಳಿಗೆ ಎರಡು ಮಾತು

ಹಳೆಯ ಚೀಟಿ ಎಂದೊಡನೆ ಎಷ್ಟು ಸಾವಿರ ಸಿಗುತ್ತದೆ ಎಂದು ಹಿರಿಯರು ಕೇಳುತ್ತಾರೆ. ನಿಜ ಹೇಳಬೇಕೆಂದರೆ ನಿಜಾಮರ ಸಾಮಾನ್ಯ ಅರ್ಧ ಆಣೆ, ಒಂದು ಆಣೆಯ ಬಿಡಿ ಚೀಟಿಗಳು ಅಪರೂಪದವಲ್ಲ. ಅವುಗಳಿಂದ ಯಾರೂ ಶ್ರೀಮಂತರಾಗುವುದಿಲ್ಲ. ಮೊದಲ ಚೀಟಿಗಳ ಮರುಮುದ್ರಣಗಳೂ ಇರುವುದರಿಂದ ತಿಳಿದವರನ್ನು ಕೇಳದೆ ಹಣ ಕೊಟ್ಟು ಕೊಳ್ಳಲೂಬಾರದು. ಆದರೆ ಚೀಟಿ, ಠಸ್ಸೆ, ವಿಳಾಸ, ಕಾಗದ ನಾಲ್ಕೂ ಇರುವ ಇಡೀ ಲಕೋಟೆಯ ಮಾತೇ ಬೇರೆ. ಅದರಲ್ಲೂ ಚಿಕ್ಕ ಊರಿನ ಠಸ್ಸೆ ಸ್ಪಷ್ಟವಾಗಿದ್ದರೆ ಸಂಗ್ರಾಹಕರು ಅದನ್ನು ಹುಡುಕಿಕೊಂಡು ಬರುತ್ತಾರೆ. ನಿಜಾಮರ ಮತ್ತು ಬ್ರಿಟಿಷರ ಅಂಚೆಗಳೆರಡರ ಗುರುತೂ ಒಂದೇ ಲಕೋಟೆಯ ಮೇಲಿದ್ದರಂತೂ ಅವರಿಗೆ ಹಬ್ಬ. ಆದ್ದರಿಂದ ಹಳೆಯ ಪತ್ರದಿಂದ ಚೀಟಿ ಬಿಡಿಸಬೇಡಿ. ಅಂಟುಪಟ್ಟಿ, ಪಿನ್ನು, ಲ್ಯಾಮಿನೇಶನ್ ಬೇಡ. ಒಣಗಿದ ಜಾಗದಲ್ಲಿ, ಬಿಸಿಲು ಬೀಳದಂತೆ, ಶುಭ್ರ ಕಾಗದದ ನಡುವೆ ಇಡಿ. ಯಾರು ಯಾರಿಗೆ ಬರೆದದ್ದೆಂದು ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ನೆನೆಸಿ ಬಿಡಿಸುವ ಅಭ್ಯಾಸಕ್ಕೆ ಇಂದಿನ ಸಾಮಾನ್ಯ ಲಕೋಟೆಗಳು ಸಾಕು.

ಇದು ಬರೀ ಹೊತ್ತು ಕಳೆಯುವ ಹವ್ಯಾಸವೂ ಅಲ್ಲ. ಅಂಚೆ ಇಲಾಖೆ 2017ರಲ್ಲಿ 'ದೀನದಯಾಳ್ ಸ್ಪರ್ಶ್' ಎಂಬ ಯೋಜನೆ ಆರಂಭಿಸಿತು. 6ರಿಂದ 9ನೇ ತರಗತಿಯ ಮಕ್ಕಳಲ್ಲಿ ಓದಿನ ಜೊತೆಗೆ ಅಂಚೆಚೀಟಿ ಸಂಗ್ರಹದ ಆಸಕ್ತಿಯಿರುವವರಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ. ಆಯ್ಕೆಗೆ ರಸಪ್ರಶ್ನೆ ಮತ್ತು ಕಿರು ಯೋಜನಾವರದಿ ಇಟ್ಟಿದ್ದರು. ನಿಮ್ಮೂರಿನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ವರದಿಗೆ ವಿಷಯ ಬೇಕೆಂದರೆ ಅಟ್ಟದ ಮೇಲಿನ ಟ್ರಂಕಿಗಿಂತ ಒಳ್ಳೆಯ ವಿಷಯ ಎಲ್ಲಿದೆ?

ದೇವದುರ್ಗದಿಂದ ಗಬ್ಬೂರಿನ ಮೇಲೆ ರಾಯಚೂರಿಗೆ ಮರಳುವಾಗ ಕತ್ತಲಾಗಿತ್ತು. 1950ರಲ್ಲಿ ಭಾರತದ ಚೀಟಿಗಳು ಬಂದು ಹೈದರಾಬಾದ್ ಚೀಟಿಗಳ ಚಲಾವಣೆ ನಿಂತಿತು. ಈಗ ಮಾನ್ವಿಯ ಹೆಣ್ಣುಮಗಳು ಆದೋನಿಗೆ ಬರೆದರೂ ದೆಹಲಿಗೆ ಬರೆದರೂ ಒಂದೇ ಚೀಟಿ. ಹೊಳೆ ಹೊಳೆಯಾಗಿಯೇ ಹರಿಯುತ್ತಿದೆ. ಚೀಟಿಗೆ ಅದೀಗ ಗಡಿಯಲ್ಲ. ಅದು ಒಳ್ಳೆಯದೇ ಆಯಿತು. ಆದರೆ ಒಂದು ಕಾಲದಲ್ಲಿ ಗಡಿಯಾಗಿತ್ತೆಂದು ನಾಳೆಯ ಮಕ್ಕಳಿಗೆ ಹೇಳುವುದಕ್ಕೆ ಕೆಲವು ಲಕೋಟೆಗಳಾದರೂ ಉಳಿಯಬೇಕು.

ಮನೆಗೆ ಬಂದು ಹಳೆಯ ಆಲ್ಬಮ್ ತೆಗೆದೆ. ಡೈನೋಸಾರ್ ಇನ್ನೂ ಅಷ್ಟೇ ಚಂದ ಇದೆ. ಅದರ ಎದುರಿನ ಪುಟ ಖಾಲಿ. ಅಲ್ಲಿ ಹನ್ನೊಂದು ಚೌಕ ಬರೆದು, ಹಾಗೇ ಬಿಟ್ಟಿದ್ದೇನೆ.